ಉಕ್ಕಡದಿಂದ ಕೊರಳಪಟ್ಟಿಯವರೆಗೆ: ಕೊಡಗಿನ ಕಣ್ಗಾವಲು ಮತ್ತು ಪ್ರಚಾರ ಕುರಿತ ಪಂಚಾವಯವ ವಿಚಾರ

1. ಪ್ರತಿಜ್ಞೆ

ಸಾಧಿಸಬೇಕಾದ ಮಾತನ್ನು ಮೊದಲೇ ಹೇಳಿಬಿಡುವುದಕ್ಕೆ ನ್ಯಾಯಶಾಸ್ತ್ರದಲ್ಲಿ ಪ್ರತಿಜ್ಞೆ ಎಂದು ಹೆಸರು. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟು: ಕೊಡಗನ್ನು ಆಳಿದವರೆಲ್ಲ ಕಣ್ಗಾವಲು, ಪ್ರಚಾರ ಎಂಬ ಎರಡು ಉಪಕರಣಗಳನ್ನು ಬಹಳ ಖರ್ಚು ಮಾಡಿ ಸಿದ್ಧಪಡಿಸಿಕೊಂಡರೂ, ಆ ಎರಡೂ ಕೆಲಸಗಳನ್ನು ಅಲ್ಲಿನ ಮದುವೆಮನೆಗಳು ಊಟದ ಖರ್ಚಿನಲ್ಲೇ ಮುಗಿಸುತ್ತಿದ್ದುದರಿಂದ, ಆಳುವವರ ಶ್ರಮ ಬಹುಪಾಲು ಪುನರುಕ್ತಿ ದೋಷಕ್ಕೆ ಗುರಿಯಾಯಿತು. ಇಲ್ಲಿ ಕಣ್ಗಾವಲು ಎಂದರೆ ಯಾರು ಎಲ್ಲಿದ್ದಾರೆಂದು ತಿಳಿದಿಟ್ಟುಕೊಳ್ಳುವುದು. ಪ್ರಚಾರ ಎಂದರೆ ಅವರು ಅಲ್ಲಿ ಸುಖವಾಗಿದ್ದಾರೆಂದು ಅವರಿಗೇ ತಿಳಿಸುವುದು.

2. ಹೇತು

ಹೇತು ಎಂದರೆ ಕಾರಣ. ದುಂಡನೆಯ ಸೆರೆಮನೆಯ ನಡುವೆ ಗೋಪುರ ನಿಲ್ಲಿಸಿ, ಕಾವಲುಗಾರ ಮಾತ್ರ ಕಾಣದೆ ಕೈದಿಗಳೆಲ್ಲ ಕಾಣುವಂತೆ ಯೋಜಿಸಿದ ಜೆರೆಮಿ ಬೆಂಥಮ್ ಆಗಲಿ, 1949ರ ಕಾದಂಬರಿಯಲ್ಲಿ ಮನೆಯ ಗೋಡೆಗೆ ನೋಡುವ ಪರದೆಯನ್ನು ತಗುಲಿಸಿದ ಜಾರ್ಜ್ ಆರ್ವೆಲ್ ಆಗಲಿ, ನೋಡುವವನಿಗೂ ಸಿಕ್ಕಿಬೀಳುವವನಿಗೂ ನೆಂಟಸ್ತಿಕೆ ಇರಲಾರದೆಂದು ನಂಬಿ ಕೆಟ್ಟರು. ಕೊಡಗಿನಲ್ಲಾದರೋ ನೆಂಟಸ್ತಿಕೆಯೇ ಕಣ್ಗಾವಲು: ಕೊಡವರಲ್ಲಿ ಒಬ್ಬ ಮೂಲಪುರುಷನಿಂದ ಬಂದ ಕುಲಕ್ಕೆ ಒಕ್ಕ ಎನ್ನುತ್ತಾರೆ. ಒಕ್ಕದ ಹೆಸರೇ ಮನೆ ಹೆಸರಾಗಿ ವ್ಯಕ್ತಿಯ ಹೆಸರಿಗಿಂತ ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅವರ ಹೆಸರಿನ ಮೊದಲಕ್ಷರ ಊರಿನದಲ್ಲ, ಮನೆಯದು. ಹೀಗಾಗಿ ಕೊಡವ ಸಮಾಜದ ಮದುವೆಯೊಂದರಲ್ಲಿ ಕಡಂಬುಟ್ಟು, ಪಂದಿ ಕರಿಯ ತಟ್ಟೆ ಹಿಡಿದು ಕುಳಿತ ತರುಣನ ಪಕ್ಕಕ್ಕೆ ಬರುವ ಹಿರಿಯರು “ಯಾವ ಮನೆ?” ಎಂದು ಕೇಳಿದ ಕ್ಷಣದಿಂದ ವಿಚಾರಣೆ ಶುರುವಾಗಿ, ತಾಯಿಯ ತವರು, ತೋಟದ ಎಕರೆ, ಈ ವರ್ಷದ ಕಾಳುಮೆಣಸಿನ ಫಸಲು, ಬೆಂಗಳೂರಿನ ಕೆಲಸ, ಆ ಕೆಲಸ ಬಿಟ್ಟ ಕಾರಣ ಇವೆಲ್ಲ ಎರಡನೆಯ ಕಡಂಬುಟ್ಟು ಮುಗಿಯುವುದರೊಳಗೆ ದಾಖಲಾಗುತ್ತವೆ. ಮೂರನೆಯದನ್ನು ಬೇಡವೆಂದರೆ ಅದೂ ದಾಖಲಾಗುತ್ತದೆ.

3. ಉದಾಹರಣೆ

ಕೊಡಗಿನ ಗುಡ್ಡಗಳನ್ನು ಬಳಸಿಹೋಗುವ ಆಳವಾದ ಕಂದಕಕ್ಕೂ ಅದರ ಮಗ್ಗುಲಿನ ಮಣ್ಣಿನ ದಿಬ್ಬಕ್ಕೂ ಕಡಂಗವೆಂದು ಹೆಸರು. ದಾರಿ ಕಾಯುವ ಠಾಣ್ಯಕ್ಕೆ ಉಕ್ಕಡವೆಂದು ಹೆಸರು. ಇವೆರಡೂ ಇದ್ದೂ, ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಸ್ವಂತ ತಂಗಿ ದೇವಮ್ಮಾಜಿಯೂ ಆಕೆಯ ಗಂಡ ಚೆನ್ನಬಸವನೂ 1830ರ ದಶಕದ ಆರಂಭದಲ್ಲಿ ಗಡಿ ದಾಟಿ ಮೈಸೂರು ಸೀಮೆಯಲ್ಲಿದ್ದ ಇಂಗ್ಲಿಷರ ಆಶ್ರಯ ಸೇರಿದರು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) ಕಾದಂಬರಿಯನ್ನು ಓದಿದವರಿಗೆ ಈ ಸಂಗತಿ ಗೊತ್ತು: ಎಲ್ಲರನ್ನೂ ಸಂಶಯಿಸುವ ಅರಸನಿಂದ ಮನೆಯವರೇ ತಪ್ಪಿಸಿಕೊಂಡು ಹೋಗುತ್ತಾರೆ.

ಪ್ರಚಾರದ ಉದಾಹರಣೆ ಇನ್ನೂ ಪುಷ್ಟವಾಗಿದೆ. ಅದೇ ವಂಶದ ಹಿಂದಿನ ಅರಸ ದೊಡ್ಡವೀರರಾಜೇಂದ್ರ ತನ್ನ ವಂಶದ 1633ರಿಂದ 1807ರವರೆಗಿನ ಚರಿತ್ರೆಯನ್ನು ‘ರಾಜೇಂದ್ರನಾಮೆ’ ಎಂದು ಕನ್ನಡದಲ್ಲಿ ಬರೆಯಿಸಿದ. 1808ರಲ್ಲಿ ಅದು ಇಂಗ್ಲಿಷಿಗೂ ಹೋಯಿತು. ಅರಸ ಬರೆಯಿಸಿದ ಚರಿತ್ರೆಯಲ್ಲಿ ಅರಸ ಗೆಲ್ಲುವುದು ಶಾಸ್ತ್ರಸಮ್ಮತ. ಆದರೆ ಗಂಡು ಸಂತಾನವಿಲ್ಲದ ಈ ಅರಸನಿಗಿದ್ದ ದೊಡ್ಡ ಚಿಂತೆ ಮಗಳು ದೇವಮ್ಮಾಜಿಗೆ (ಅರಮನೆಯಲ್ಲಿ ಹೆಸರುಗಳಿಗೆ ಬರವಿತ್ತು) ಪಟ್ಟ ಉಳಿಸುವುದು. ಆತ 1809ರಲ್ಲಿ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಮಗಳನ್ನು 1811ರ ಹೊತ್ತಿಗೆ ಬದಿಗೆ ಸರಿಸಿ ಚಿಕ್ಕಪ್ಪ ಲಿಂಗರಾಜನೇ ಅರಸನಾದ. ಗ್ರಂಥ ವಂಶವನ್ನೇನೋ ಹೊಗಳಿತ್ತು. ಚಿಕ್ಕಪ್ಪನೂ ಅದೇ ವಂಶದವನಾದುದರಿಂದ ಹೊಗಳಿಕೆಯೂ ಅವನ ಪಾಲಾಯಿತು.

1834ರ ಏಪ್ರಿಲಿನಲ್ಲಿ ಮಡಿಕೇರಿ ಕೋಟೆ ಹಿಡಿದ ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಕರ್ನಲ್ ಫ್ರೇಸರ್ ಮೇ ತಿಂಗಳಲ್ಲಿ ಹೊರಡಿಸಿದ ಘೋಷಣೆಯ ಪ್ರಕಾರ, ನಾಡು ಕಂಪೆನಿಯ ಕೈಸೇರಿದ್ದು ಸಮಸ್ತ ನಿವಾಸಿಗಳ ಒಮ್ಮತದ ಇಚ್ಛೆಯಿಂದ. ಐನ್‌ಮನೆಯ, ಅಂದರೆ ಒಕ್ಕದ ಮೂಲಮನೆಯ, ಹೆಂಚು ಬದಲಿಸುವ ವಿಷಯದಲ್ಲೂ ಒಮ್ಮತ ಕೂಡಿಬರುವುದು ಎಷ್ಟು ಕಷ್ಟವೆಂದು ಬಲ್ಲವರು ಈ ಘೋಷಣೆಯನ್ನು ಕಲ್ಪಿತ ಸಾಹಿತ್ಯದ ವಿಭಾಗದಲ್ಲಿ ಇಡುವುದು ಯುಕ್ತ. ಮೂರೇ ವರ್ಷದಲ್ಲಿ, 1837ರಲ್ಲಿ, ಅಮರಸುಳ್ಯದ ಕಡೆ ದಂಗೆಯೆದ್ದು ಮಂಗಳೂರಿನವರೆಗೂ ಹೋದಾಗ ಒಮ್ಮತದ ಒಂದು ತುದಿ ಬಿಚ್ಚಿಕೊಂಡಿತು. ದಂಗೆ ಅಡಗಿಸಲು ನೆರವಾದವರಿಗೆ ಕಂಪೆನಿ ಕೊಡವ ಯೋಧನ ಚಿತ್ರವಿದ್ದ ಪದಕ ಹಂಚಿ ಅದನ್ನು ಹೊಲಿಯಿತು.

4. ಉಪನಯ

ಸಿದ್ಧವಾದ ನಿಯಮವನ್ನು ಎದುರಿನ ವಿಷಯಕ್ಕೆ ಅನ್ವಯಿಸುವುದು ಉಪನಯ. ಈಗಿನ ಪ್ರಚಾರದ ಪ್ರಕಾರ ಕೊಡಗು ಭಾರತದ ಸ್ಕಾಟ್ಲೆಂಡ್. ಈಗಿನ ಕಣ್ಗಾವಲಿನ ಪ್ರಕಾರ ಅಲ್ಲಿ ಆನೆಗಳಿವೆ. ಅರಣ್ಯ ಇಲಾಖೆ ಕೆಲವು ಕಾಡಾನೆಗಳ ಕೊರಳಿಗೆ ರೇಡಿಯೋ ಕಾಲರ್ ತೊಡಿಸಿ, ಅವು ತೋಟಕ್ಕಿಳಿದರೆ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಸಂದೇಶ ಬರುವ ಹೊತ್ತಿಗೆ ಆನೆ ಹಲಸಿನ ಮರದ ಬುಡದಲ್ಲಿರುತ್ತದೆ, ಸುದ್ದಿ ಪಕ್ಕದ ತೋಟದವರ ಬಾಯಲ್ಲಿರುತ್ತದೆ. ಕೊಡವ ಸಮಾಜದ ಮದುವೆಯಲ್ಲಿ ಸಂಬಂಧ ಹಚ್ಚಿ ಕಟ್ಟಿಹಾಕಲಾಗದ ಏಕೈಕ ಪ್ರಾಣಿ ಆನೆಯಾದುದರಿಂದ ಅದರ ವಿಷಯದಲ್ಲಿ ಮಾತ್ರ ಯಂತ್ರಕ್ಕೆ ಅವಕಾಶವುಂಟು ಎಂಬುದು ಈವರೆಗಿನ ಮತ.

ಇಲ್ಲಿ ಆಕ್ಷೇಪವೊಂದನ್ನು ಎತ್ತಲೇಬೇಕು. ತೋಟದ ಅಂಚಿನ ಲೈನ್‌ಮನೆಗಳಲ್ಲಿ, ಅಂದರೆ ಕೂಲಿಯವರಿಗಾಗಿ ಸಾಲಾಗಿ ಕಟ್ಟಿದ ಕೋಣೆಗಳಲ್ಲಿ, ಯರವರೂ ಜೇನುಕುರುಬರೂ ಇತ್ತೀಚೆಗೆ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಅವರನ್ನು “ಯಾವ ಮನೆ?” ಎಂದು ಯಾರೂ ಕೇಳುವುದಿಲ್ಲ, ಉತ್ತರ ಲೈನ್‌ಮನೆಯೆಂದು ಮೊದಲೇ ಗೊತ್ತು. ಹೊರಗಿನಿಂದ ಬಂದವರಿಂದ ಆಧಾರ್ ಪ್ರತಿ ಪಡೆದು ಠಾಣೆಗೆ ಮುಟ್ಟಿಸುವುದು ಮಾಲೀಕರ ಕರ್ತವ್ಯವಾಗಿದೆ.

5. ನಿಗಮನ

ನಿಗಮನವೆಂದರೆ ಪ್ರತಿಜ್ಞೆ ಸಿದ್ಧವಾಯಿತೆಂದು ಸಾರುವುದು. ಆಳುವವರ ಕಣ್ಗಾವಲು ವ್ಯರ್ಥವೆಂಬ ಮಾತು ಮನೆ ಹೆಸರುಳ್ಳವರ ಮಟ್ಟಿಗೆ ಸಿದ್ಧವಾಯಿತು. ಲೈನ್‌ಮನೆಯವರ ಮಟ್ಟಿಗೆ ಅದು ಬಿದ್ದುಹೋಯಿತು; ಅಲ್ಲಿ ಉಕ್ಕಡ ಇಂದಿಗೂ ಚೆನ್ನಾಗಿ ನಡೆಯುತ್ತಿದೆ, ಏಕೆಂದರೆ ತಟ್ಟೆ ಕೊಡದೆ ಪ್ರಶ್ನೆ ಕೇಳುವ ಪದ್ಧತಿ ಅಲ್ಲಿ ಮಾತ್ರ ಉಳಿದಿದೆ. ಪ್ರತಿಜ್ಞೆಯನ್ನು ತಿದ್ದುವುದು ಶಾಸ್ತ್ರದಲ್ಲಿ ನಿಷಿದ್ಧವಾದುದರಿಂದ, ಇದನ್ನು ಅಪವಾದವೆಂದು ಕರೆದು ಪ್ರಬಂಧವನ್ನು ಮುಗಿಸಲಾಗಿದೆ.