ಗುರಿ ಹುಡುಕುವ ಮಾಣಿ

ಬೇಲಿಯಾಚೆಯಿಂದ ಮೊದಲು ಬಸಳೆಯ ಕಟ್ಟು ಬಂತು, ಹಿಂದೆಯೇ ಪಕ್ಕದ ಮನೆಯ ಅಕ್ಕನ ನಿಟ್ಟುಸಿರು.

"ಮಾಷ್ಟ್ರೇ, ಬದುಕಿನ ಗುರಿ ಅಂದ್ರೆ ಎಂತ?"

ಬೆಳಿಗ್ಗೆ ಏಳೂವರೆ. ಕಾಫಿ ಇನ್ನೂ ಲೋಟದಲ್ಲೇ ಇತ್ತು. ಮೂವತ್ತು ವರ್ಷ ಪಾಠ ಹೇಳಿದ್ದೇನೆ, ಯಾವ ಹುಡುಗನೂ ನನಗೆ ಇಷ್ಟು ದೊಡ್ಡ ಪ್ರಶ್ನೆ ಹಾಕಿರಲಿಲ್ಲ. ಪುಣ್ಯ.

ವಿಷಯ ಅವರ ಮಾಣಿಯದು. ಬೆಂಗಳೂರಿನ ಕಂಪ್ಯೂಟರ್ ಕೆಲಸ ಬಿಟ್ಟು ಬಂದು ಎರಡು ತಿಂಗಳಾಯಿತು. ಕೇಳಿದರೆ ಗುರಿ ಹುಡುಕುತ್ತಿದ್ದೇನೆ ಅನ್ನುತ್ತಾನಂತೆ. ಹುಡುಕಾಟವೆಲ್ಲ ಮಂಚದ ಮೇಲೆ, ಮೊಬೈಲಿನಲ್ಲಿ. ಗುರಿ ತೋರಿಸಿಕೊಡುವ ಶಿಬಿರವೊಂದಕ್ಕೆ ಐದು ಸಾವಿರ ಕಟ್ಟಿಯೂ ಆಗಿದೆ.

"ಅಷ್ಟು ದುಡ್ಡಿಗೆ ತೋಟಕ್ಕೆ ಗೊಬ್ಬರವಾದ್ರೂ ಬರ್ತಿತ್ತು."

ಪುತ್ತೂರಿನಲ್ಲಿದ್ದುಕೊಂಡು ಇಂಥ ಮಾತು ಬಂದಾಗ ಪರ್ಲಡ್ಕದ ಬಾಲವನದ ಕಡೆ ಕೈ ತೋರಿಸದಿರುವುದು ಹೇಗೆ? ತೋರಿಸಿದೆ. "ಅಲ್ಲಿದ್ದ ಶಿವರಾಮ ಕಾರಂತರಿಗೆ ಎಂತ ಗುರಿ ಇತ್ತು ಹೇಳಿ? ಗಾಂಧೀಜಿ ಕರೆದರೆಂದು 1921ರಲ್ಲಿ ಕಾಲೇಜು ಬಿಟ್ಟರು. ಖಾದಿ ಹೊತ್ತು ತಿರುಗಿದರು. 'ವಸಂತ' ಅಂತ ಪತ್ರಿಕೆ ನಡೆಸಿದರು. ನಾಟಕವಾಡಿದರು, ಮೂಕಿ ಸಿನಿಮಾ ತೆಗೆದರು, ಮಕ್ಕಳಿಗೆ ಮೂರು ಸಂಪುಟದ 'ಬಾಲಪ್ರಪಂಚ' ಬರೆದರು. ಯಕ್ಷಗಾನದ ಬೆನ್ನು ಬಿದ್ದರು. 1989ರಲ್ಲಿ, ಎಂಬತ್ತೇಳರ ಪ್ರಾಯದಲ್ಲಿ, ಲೋಕಸಭೆ ಚುನಾವಣೆಗೆ ನಿಂತು ಸೋತರು. ತೊಂಬತ್ತು ದಾಟಿದ ಮೇಲೆ ಹಕ್ಕಿಗಳ ಬಗ್ಗೆ ಬರೆಯಲು ಕೂತರು. ಆತ್ಮಕಥೆಗೆ ಅವರೇ ಇಟ್ಟ ಹೆಸರು 'ಹುಚ್ಚು ಮನಸ್ಸಿನ ಹತ್ತು ಮುಖಗಳು'."

"ಹತ್ತು ಮುಖ ಇದ್ರೆ ದಾರಿ ತಪ್ಪುದಾದ್ರೂ ಹೇಗೆ? ಯಾವ ಕಡೆ ಹೊರಟ್ರೂ ಎದುರೇ."

ಈ ಅಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ನಾನಾಗಿದ್ದರೆ ಈ ಮಾತಿಗೆ ನಾಲ್ಕು ಪುಟದ ಲೇಖನ ಬರೆಯುತ್ತಿದ್ದೆ.

ಆದರೆ ಅವರು ಅಲ್ಲಿಗೇ ಬಿಡಲಿಲ್ಲ. "ಅವರು ಕಾರಂತರು ಮಾಷ್ಟ್ರೇ. ನಮ್ಮ ಮಾಣಿ ಕಾರಂತನಾ?"

ನಿಜವೇ. ದೊಡ್ಡವರ ಕಥೆ ಹೇಳುವಾಗ ನಾವು ಕೊನೆಯ ಪುಟದಿಂದ ಹಿಂದಕ್ಕೆ ಓದುತ್ತೇವೆ. ಜ್ಞಾನಪೀಠವನ್ನು ಮೊದಲೇ ನೋಡಿಬಿಟ್ಟಿರುತ್ತೇವಾದ್ದರಿಂದ ಕಾಲೇಜು ಬಿಟ್ಟದ್ದೂ ದೂರದೃಷ್ಟಿಯಂತೆ ಕಾಣುತ್ತದೆ. 1921ರಲ್ಲಿ ಕಾರಂತರ ಕೋಟದ ಮನೆಯಲ್ಲಿ ಇದ್ದವನು ಓದು ಬಿಟ್ಟ ಹತ್ತೊಂಬತ್ತರ ಹುಡುಗ, ಅಷ್ಟೆ. "ಆಗ ಕಾರಂತರೂ ಕಾರಂತರಾಗಿರಲಿಲ್ಲ ಅಕ್ಕಾ" ಎಂದೆ. "ಒಂದು ವ್ಯತ್ಯಾಸ ಮಾತ್ರ ಉಂಟು. ಅವರು ಮಂಚದ ಮೇಲೆ ಕೂತು ಹುಡುಕಿದವರಲ್ಲ."

ಹೇಳಿ ನಾಲಿಗೆ ಕಚ್ಚಿಕೊಂಡೆ. ನಿವೃತ್ತನಾದ ಮೇಲೆ ನಾನಾದರೂ ಎಂತ ಮಾಡಿದ್ದೇನೆ? ಎರಡು ಪೇಪರು, ಒಂದು ನಿದ್ದೆ, ಈ ಬೇಲಿ.

ಅಕ್ಕ ಬಸಳೆಯ ದಂಟು ಚಿವುಟುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವನನ್ನೊಮ್ಮೆ ಬಾಲವನಕ್ಕೆ ಕರ್ಕೊಂಡು ಹೋಗಿ. ನನ್ನ ಮಾತು ಕೇಳುದಿಲ್ಲ."

"ಹೋಗುವ. ಈಗಲೇ ಕಳಿಸಿ, ಬಿಸಿಲೇರುವ ಮೊದಲು ಹೋಗಿ ಬರುವ."

"ಈಗ ಎಲ್ಲಿಂದ ಬರ್ತಾನೆ! ನಿನ್ನೆ ಸಂಜೆಯಿಂದ ಪಂಪು ನೀರೆತ್ತುದಿಲ್ಲ. ಮೆಕ್ಯಾನಿಕ್ಕು ನಾಡಿದ್ದು ಬರ್ತೇನೆ ಅಂದ. ಇವ ಬೆಳಿಗ್ಗೆ ಐದಕ್ಕೇ ಎದ್ದು ಹೋಗಿ ಫುಟ್‌ವಾಲ್ವ್ ಬಿಚ್ಚಿ ಕೂತಿದ್ದಾನೆ. ಎರಡು ಸಲ ತಿಂಡಿಗೆ ಕರೆದೆ. ಮೊಬೈಲು ಒಳಗೆ ಬಡ್ಕೊಳ್ತಾ ಉಂಟು, ಅದೂ ಬೇಡ ಅವನಿಗೆ."

ತೋಟದ ಕೆಳಗಿನಿಂದ ಸ್ಪ್ಯಾನರು ಕಲ್ಲಿಗೆ ಬಿದ್ದ ಸದ್ದು ಬಂತು, ಹಿಂದೆಯೇ ಒಂದು ಒಳ್ಳೆಯ ಬೈಗುಳ.

"ಕೇಳಿದ್ರಾ?" ಅಂದರು ಅಕ್ಕ, ಬೇಸರದಿಂದ. "ಓದಿದ ಹುಡುಗ."