ಕರಡಿ ಟೋಪಿಯ ಪಾಳಿ

ನಮ್ಮ ಬಾವ ಮಧುಗಿರಿಯಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿದ್ದು ರಿಟೈರಾದವರು. ಬಾಗಿಲು ತೆಗೆದರೆ ಎದುರಿಗೇ ಏಕಶಿಲಾ ಬೆಟ್ಟ. ಸಮುದ್ರಮಟ್ಟದಿಂದ 3,900 ಅಡಿಗೂ ಮೇಲೆ, ಮೈತುಂಬ ಕೋಟೆ. ಅಷ್ಟು ವರ್ಷದಲ್ಲಿ ಒಂದು ದಿನವೂ ಹತ್ತಲಿಲ್ಲ. ಯಾಕೆ ಬಾವ ಅಂದರೆ, “ಅದೆಲ್ಲಿಗೆ ಹೋಯ್ತದೆ? ಇಲ್ಲೇ ಇರ್ತದಲ್ಲ” ಅನ್ನುತ್ತಾರೆ. ಇಂಥ ಬಾವ, ಲಂಡನ್ನಿನ ಮಗಳು ವಿಮಾನದ ಟಿಕೆಟ್ ಕಳಿಸಿದ್ದೇ ತಡ, ಬಕಿಂಗ್‌ಹ್ಯಾಮ್ ಅರಮನೆ ಮುಂದೆ ಕಾವಲುಗಾರರು ಪಾಳಿ ಬದಲಿಸುವುದನ್ನು ನೋಡದೆ ಸಾಯುವುದಿಲ್ಲ ಎಂದು ಹಠ ಹಿಡಿದರು.

ಪ್ಲಾನ್ ಮಾಡಲು ಸಭೆ ಸೇರಿತು. ಶಿರಾದಿಂದ ಅವರ ಷಡ್ಡಕರು, ಕೊರಟಗೆರೆಯಿಂದ ಬೀಗರು, ಪಾವಗಡದಿಂದ ಭಾವಮೈದುನನಾದ ನಾನು. ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಉಪವಿಭಾಗ. ಪ್ರತ್ಯೇಕ ಜಿಲ್ಲೆ ಆಗಬೇಕೆಂಬ ಬೇಡಿಕೆ ಹಳೆಯದು. ಜಿಲ್ಲೆ ಆಗದಿದ್ದರೇನು, ಬಾವನ ಜಗಲಿಯ ಮೇಲೆ ಜಿಲ್ಲಾ ಮಟ್ಟದ ಸಭೆಯೇ ನಡೆಯಿತು.

ಮಗಳು ಕಳಿಸಿದ್ದ ವಿವರವನ್ನು ನಾನು ಓದಿದೆ. ಸೋಮವಾರ, ಬುಧವಾರ, ಶುಕ್ರವಾರ, ಭಾನುವಾರ. ಬೆಳಿಗ್ಗೆ 11ಕ್ಕೆ ಶುರು, ಸುಮಾರು ಮುಕ್ಕಾಲು ಗಂಟೆ. ನೋಡಲು ದುಡ್ಡಿಲ್ಲ.

“ಪುಕ್ಕಟೆಯಾ?” ಬಾವ ನೆಟ್ಟಗೆ ಕೂತರು. “ಹಂಗಾದ್ರೆ ಜನ ಮುಕ್ಕುರೀತಾರೆ. ಮೊದಲೇ ಹೋಗಿ ಗೇಟಿನ ಕಂಬಿಗೆ ಟವೆಲ್ ಹಾಕ್ಬೇಕು.” ಪಾವಗಡದ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಕೈ ಅದು. ಬ್ರಿಟಿಷ್ ಸಾಮ್ರಾಜ್ಯಕ್ಕೆ ಹೆದರೀತೇ?

ಮುಂದಿನ ಸಾಲು ಓದಿದೆ: ಮಳೆ ಜೋರಾದರೆ ಕಾರ್ಯಕ್ರಮ ರದ್ದು. ಸಭೆ ಸ್ತಬ್ಧವಾಯಿತು. ಮಳೆ ಬಂತೆಂದು ಕೆಲಸ ನಿಲ್ಲಿಸುವ ದೇಶವೂ ಇದೆ ಎಂಬುದನ್ನು ಜೀರ್ಣಿಸಿಕೊಳ್ಳಲು ನಮಗೆ ಎರಡು ನಿಮಿಷ ಬೇಕಾಯಿತು. “ಅರಮನೇನ ಪಾವಗಡಕ್ಕೆ ತಂದಿಡ್ಲಿ, ವರ್ಷದಲ್ಲಿ ಒಂದಿನಾನೂ ರದ್ದಾಗಾಕಿಲ್ಲ” ಎಂದು ಷಡ್ಡಕರು ನನ್ನ ಕಡೆ ನೋಡಿ ನಕ್ಕರು. ಬರಗಾಲ ಒಂದೇ ನಮ್ಮೂರಿನ ಖಾಯಂ ನೌಕರ. ಅದಕ್ಕೆ ವರ್ಗಾವಣೆಯೂ ಇಲ್ಲ, ನಿವೃತ್ತಿಯೂ ಇಲ್ಲ.

ಖರ್ಚು ಕಡಿಮೆ ಮಾಡುವ ಸಲಹೆ ಬೀಗರದು. “ದೆಹಲಿಗೇ ಹೋಗಿ ಸ್ವಾಮಿ. ರಾಷ್ಟ್ರಪತಿ ಭವನದಾಗೆ ಶನಿವಾರ ಶನಿವಾರ ಇದೇ ನಡೀತದಂತೆ, ಕುದುರೆ ಸಮೇತ.” ನಿಜವೇ. ರಾಷ್ಟ್ರಪತಿಯ ಅಂಗರಕ್ಷಕ ದಳವನ್ನು 1773ರಲ್ಲಿ ಕಟ್ಟಿದವನು ಬ್ರಿಟಿಷರ ಗವರ್ನರ್ ವಾರನ್ ಹೇಸ್ಟಿಂಗ್ಸ್. ಕಾಯಬೇಕಾದವರು ಬದಲಾದರು, ಕಾಯುವ ಗತ್ತು ಬದಲಾಗಲಿಲ್ಲ. ಬಾವ ಒಪ್ಪಲಿಲ್ಲ. “ಶನಿವಾರ ಪಾವಗಡದ ಶನಿಮಹಾತ್ಮನ್ನ ಬಿಟ್ಟು ದೆಹಲೀಗ್ ಹೋದ್ರೆ ಉಳಿಗಾಲ ಉಂಟಾ?”

ಆಮೇಲೆ ಟೋಪಿಯ ವಿಚಾರ ಬಂತು. ಕಾವಲುಗಾರರ ತಲೆಯ ಮೇಲೆ ಒಂದೂವರೆ ಅಡಿ ಎತ್ತರ ನಿಂತಿರುವುದು ಕೆನಡಾದ ಕಪ್ಪು ಕರಡಿಯ ಚರ್ಮ. ಬೀಗರಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. “ನಮ್ಮ ಗುಡ್ಡದ ಕರಡಿ ತನ್ನ ಚರ್ಮನ ತಾನೇ ಹೊತ್ಕಂಡು ಹಲಸಿನ ಮರದ ತಾವಕ್ಕೆ ಬತ್ತದೆ. ಬ್ಯಾಂಡಿಲ್ಲ, ಬಜಾನ ಇಲ್ಲ. ಅದು ಬಂದಾಗ ಪಾಳಿ ಬದಲಾಯ್ಸೋರು ನಾವು. ಅದು ಮರದ ತಾವ, ನಾವು ಮನೆ ಒಳಗೆ.”

ಇಷ್ಟಾದ ಮೇಲೆ ನಾನೊಂದು ತರಲೆ ಪ್ರಶ್ನೆ ತೆಗೆದೆ. “ಬಾವ, ದೊರೆ ಚಾರ್ಲ್ಸ್ ಆ ಮನೇಲಿಲ್ಲ. ರಿಪೇರಿ ನಡೀತಿದೆ ಅಂತ ಪಕ್ಕದ ಕ್ಲಾರೆನ್ಸ್ ಹೌಸಿನಲ್ಲಿ ಇದ್ದಾರೆ. ಇವರು ಕಾಯೋದು ಯಾರನ್ನ?”

ಬಾವ ಕನ್ನಡಕ ತೆಗೆದು ಒರೆಸಿದರು. “ಕಾಯೋಕೆ ಏನಾದ್ರೂ ಇದ್ದಿದ್ರೆ ಅವ್ರು ಹಂಗೆ ಕುಣಕೊಂಡು ಪಾಳಿ ಬದಲಾಯಿಸ್ತಿದ್ರೇನಯ್ಯಾ?”

ಮೇಷ್ಟ್ರು ಮೇಷ್ಟ್ರೇ. ಷಡ್ಡಕರಿಗೆ ಅಲ್ಲಿಂದ ಉತ್ಸಾಹ ಬಂತು. ಕಾವಲು ಬದಲಾವಣೆ ನೋಡಬೇಕಿದ್ದರೆ ಶಿರಾದಲ್ಲಿ ಹುಟ್ಟಬೇಕಿತ್ತು ಎಂದರು. ಮೊಗಲರ ಸುಬಾದ ರಾಜಧಾನಿ ಅದು, 1687ರಿಂದ. 1757ರಲ್ಲಿ ಮರಾಠರು ಬಂದರು. 1759ರಲ್ಲಿ ಮತ್ತೆ ಮೊಗಲರು. 1761ರಲ್ಲಿ ಹೈದರಾಲಿ. 1766ರಲ್ಲಿ ಪುನಃ ಮರಾಠರು. 1774ರಲ್ಲಿ ಟಿಪ್ಪು. ಹದಿನೇಳು ವರ್ಷದಲ್ಲಿ ಐದು ಪಾಳಿ! ಅದರಲ್ಲೂ ಹೈದರನ ಕತೆ ಸೊಗಸು. ಊರು ಇನ್ನೂ ಬೇರೆಯವರ ಕೈಯಲ್ಲಿರುವಾಗಲೇ ನಿಜಾಮನ ಸಹೋದರ ಬಸಾಲತ್ ಜಂಗನಿಗೆ ಮೂರು ಲಕ್ಷ ಒಪ್ಪಿಸಿ ‘ಶಿರಾದ ನವಾಬ’ ಎಂಬ ಬಿರುದು ಪಡೆದ ಪುಣ್ಯಾತ್ಮ. ಸೈಟು ಕಾಣುವ ಮೊದಲೇ ರಿಜಿಸ್ಟರ್ ಮಾಡಿಸುವ ಪದ್ಧತಿ ಬೆಂಗಳೂರಿನದೆಂದು ತಿಳಿದವರು ತಿದ್ದಿಕೊಳ್ಳಬೇಕು, ಅದರ ಮೂಲ ಶಿರಾ. ಆಮೇಲೆ 1766ರಲ್ಲಿ ಕೋಟೆಯನ್ನು ಮರಾಠರಿಗೆ ಬಿಟ್ಟುಕೊಟ್ಟವನು ಯಾರು? ಹೈದರನೇ ಕಾವಲಿಗಿಟ್ಟಿದ್ದ ಮೀರ್ ಅಲಿ ರಜಾ. ಬದಲಿಗೆ ಗುರ್ರಂಕೊಂಡದ ಜಹಗೀರು ಸಿಕ್ಕಿತು.

“ಅವನು ಹೈದರನಿಗೆ ಏನಾಗಬೇಕು ಗೊತ್ತಾ?” ಎಂದರು ಷಡ್ಡಕರು. “ಭಾವಮೈದುನ.”

ಎಲ್ಲರೂ ನನ್ನ ಕಡೆ ತಿರುಗಿದರು. ಅಕ್ಕ ಒಳಗಿನಿಂದ ಕಾಫಿ ತಂದದ್ದರಿಂದ ನಾನು ಬಚಾವಾದೆ.

ನಾನೂ ಬಿಡಲಿಲ್ಲ. ಬಾವನ ಮನೆ ಎದುರಿನ ಬೆಟ್ಟವನ್ನೇ ತೋರಿಸಿದೆ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು. ಒಂದು ಕಾಲಕ್ಕೆ ಇಲ್ಲೂ ಅರಮನೆಯವರಿಗೆ ಕಾವಲಿತ್ತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರ, ರಾಣಿ ವೀರಮ್ಮಾಜಿಯನ್ನು ತಂದಿಟ್ಟದ್ದು ಈ ಕೋಟೆಯಲ್ಲೇ. ಆ ಕಾವಲುಗಾರರು ಹೊರಗಿನವರು ಒಳಗೆ ಬಾರದಂತೆ ಕಾದವರಲ್ಲ, ಒಳಗಿನ ರಾಣಿ ಹೊರಗೆ ಹೋಗದಂತೆ ಕಾದವರು. ನಾಲ್ಕು ವರ್ಷವಾದ ಮೇಲೆ, 1767ರಲ್ಲಿ, ಪೇಶ್ವೆ ಮಾಧವರಾಯನ ದಂಡು ಬಂದು ಬಿಡಿಸಿತು. ನಿಜವಾದ ರಾಜಮನೆತನ, ನಿಜವಾದ ಕಾವಲು, ನಿಜವಾದ ಬದಲಾವಣೆ. ಫೋಟೋ ತೆಗೆಯುವವರೊಬ್ಬರೂ ಇರಲಿಲ್ಲ.

“ಅದನ್ನ ನಾನು ಏಳನೇ ಕ್ಲಾಸಿಗೆ ಪಾಠ ಮಾಡಿದೀನಿ” ಎಂದರು ಬಾವ. ಬೆಟ್ಟ ಹತ್ತುವ ಮಾತು ಮಾತ್ರ ಬರಲಿಲ್ಲ.

ಕೊನೆಗೆ ನನ್ನ ತಾಲ್ಲೂಕಿನ ಸರದಿ. ಪಾವಗಡದಲ್ಲಿ ರಾಜರ ನೆನಪಿಗೊಂದು ಕೋಟೆ, ಪ್ರಜೆಗಳ ನೆನಪಿಗೊಂದು ಸೋಲಾರ್ ಪಾರ್ಕು. 13,000 ಎಕರೆ, 2,050 ಮೆಗಾವಾಟ್, ಹೆಸರು ಶಕ್ತಿ ಸ್ಥಳ. ರೈತರು ಜಮೀನು ಮಾರಿಲ್ಲ. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ 28 ವರ್ಷ ಗುತ್ತಿಗೆಗೆ ಕೊಟ್ಟಿದ್ದಾರೆ. ಅವರಲ್ಲಿ ಕೆಲವರು ಅಲ್ಲೇ ಸೆಕ್ಯೂರಿಟಿ ಕೆಲಸಕ್ಕೆ ಸೇರಿದರು. ನೆನ್ನೆ ಕಡ್ಲೆಕಾಯಿ ಬಿತ್ತಿದ ಹೊಲಕ್ಕೆ ಇವತ್ತು ಯೂನಿಫಾರಂ ಹಾಕಿಕೊಂಡು ಕಾವಲು. ಪರವಾನಗಿ ಇಲ್ಲದವರನ್ನು ಒಳಗೆ ಬಿಡಬಾರದು, ಅಂದರೆ ಡ್ಯೂಟಿ ಮುಗಿದ ಮೇಲೆ ತನ್ನನ್ನೂ ಬಿಡಬಾರದು. ಯಜಮಾನನೇ ಕಾವಲುಗಾರನಾಗಿ ಗೇಟಿನ ಹೊರಗೆ ನಿಲ್ಲುವ ಇಂಥ ಪಾಳಿ ಬದಲಾವಣೆಯನ್ನು ಲಂಡನ್ನಿನಲ್ಲಿ ತೋರಿಸಲಿ ನೋಡೋಣ.

ಆ ಪಾರ್ಕಿನ ಕರೆಂಟು ತಂತಿ ಹಿಡಿದು ಎಲ್ಲೆಲ್ಲಿಗೋ ಹೋಗುತ್ತದೆ. ನಮ್ಮ ಮೋಟರಿಗೆ ತ್ರೀ ಫೇಸ್ ಬರುವುದು ಅದಕ್ಕೆ ಮನಸ್ಸು ಬಂದಾಗ. ಬೋರ್‌ವೆಲ್ಲಿಗೆ ನಾವು ಮೂವರು ಪಾಲುದಾರರು. ರಾತ್ರಿ ಎರಡು ಗಂಟೆಗೆ ಪಾಳಿ ಬದಲಾಗುತ್ತದೆ. ಸ್ಟಾರ್ಟರ್ ಡಬ್ಬಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತ ಪಕ್ಕದ ಹೊಲದವನು ನನ್ನ ಟಾರ್ಚಿನ ಬೆಳಕು ಕಂಡೊಡನೆ ಎದ್ದು ಕೆಮ್ಮುತ್ತಾನೆ, ಅದೇ ಕಹಳೆ. ಕೈಲಿದ್ದ ದೊಣ್ಣೆ ನನಗೆ ಕೊಡುತ್ತಾನೆ. ಅದೇ ಅಧಿಕಾರ ಹಸ್ತಾಂತರ. “ಹಂದಿ ಅತ್ಲಾಗ್ ಹೋದ್ವು, ನೋಡ್ಕ” ಅನ್ನುತ್ತಾನೆ, ಅದೇ ರಾಷ್ಟ್ರಗೀತೆ. ಬದುವಿನ ಮೇಲೆ ಅವನ ಚಪ್ಪಲಿ ಸದ್ದು ದೂರವಾದ ಮೇಲೆ ಉಳಿಯುವುದು ನಾನು, ಮಿಡತೆ ಮತ್ತು ಸ್ಟಾರ್ಟರಿನ ಕೆಂಪು ದೀಪ.

ಸಭೆಯ ನಿರ್ಣಯ ಅವಿರೋಧವಾಗಿ ಪಾಸಾಯಿತು: ಬಾವ ಲಂಡನ್ನಿಗೇ ಹೋಗತಕ್ಕದ್ದು.

ಹೋದರು. ಮೊನ್ನೆ ಬುಧವಾರ ಮಧ್ಯಾಹ್ನ ಮೂರೂವರೆಗೆ ಅಲ್ಲಿಂದಲೇ ವಿಡಿಯೋ ಕಾಲ್. ಕಂಬಿಯ ಆಚೆ ಕೆಂಪು ಕೋಟು, ಕರಡಿ ಟೋಪಿ, ಬ್ಯಾಂಡು. ಬಾವನ ಟವೆಲ್ ಕೂಡ ಕಂಬಿಯ ಮೇಲಿತ್ತು.

“ನೋಡಯ್ಯಾ, ಯಜಮಾನ್ರು ಮನೇಲಿಲ್ವಂತೆ. ಆದ್ರೂ ಹೆಂಗೆ ಕಾಯ್ತಾ ಅವ್ರೆ! ಇನ್ನೂ ಅರ್ಧ ಗಂಟೆ ಐತೆ, ನೋಡು, ನೋಡು.”

ಅಷ್ಟರಲ್ಲಿ ಗೋಡೆಯ ಬಲ್ಬು ಎರಡು ಸಲ ಮಿಣುಕಿ ಹತ್ತಿಕೊಂಡಿತು.

“ನೀವು ನೋಡಿ ಬಾವ, ನಮಗೆ ಕರೆಂಟ್ ಬಂತು” ಎಂದು ಫೋನಿಟ್ಟೆ. ಬಿಸಿಲು ಚುರುಗುಡುತ್ತಿತ್ತು. ಗೂಟದಲ್ಲಿದ್ದ ಟವೆಲ್ ಎಳೆದು ತಲೆಗೆ ಸುತ್ತಿಕೊಂಡು ಮೋಟರ್ ಮನೆ ಕಡೆ ಓಡಿದೆ.