ಕೀಲಿಮೀಮಾಂಸೆ: ತುಕ್ಕಾನಟ್ಟಿ ಸೀಮೆಯ ಬೋಧನಾ ತಂತ್ರಜ್ಞಾನವನ್ನು ಕುರಿತು ಒಂದು ಘನಗಂಭೀರ ಪ್ರಬಂಧ

ಶಾಲೆಯ ಸಾಮಾನೆಲ್ಲ ದಾಖಲಾಗುವ ಡೆಡ್ ಸ್ಟಾಕ್ ರಿಜಿಸ್ಟರಿಗೆ ನಮಸ್ಕರಿಸಿ ಈ ಪ್ರಬಂಧವನ್ನು ಆರಂಭಿಸುತ್ತೇವೆ. ಪಾಠಕ್ಕೆ ನೆರವಾಗಲೆಂದು ಸರ್ಕಾರಿ ಶಾಲೆಗೆ ಬಂದ ಸಕಲ ಸಲಕರಣೆಗಳ ಪೈಕಿ ಒಂದು ದಿನವೂ ಕೆಡದೆ, ರಿಪೇರಿ ಕೇಳದೆ, ನೆಟ್‌ವರ್ಕ್ ಬೇಡದೆ ದುಡಿಯುತ್ತಿರುವುದು ಕೀಲಿ ಒಂದೇ ಎಂಬುದು ನಮ್ಮ ಪ್ರತಿಜ್ಞೆ. ಮೈಸೂರು ಕಡೆಯ ವಿದ್ವಾಂಸರ ಗಮನಕ್ಕೆ: ನಮ್ಮಲ್ಲಿ ಕೀಲಿ ಎಂದರೆ ಬೀಗ. ತೆಗೆಯುವುದು ಚಾವಿ, ಅದರ ವಿಚಾರ ಮುಂದೆ ಬರುತ್ತದೆ, ಸಿಕ್ಕರೆ.

ಅಧ್ಯಯನದ ಕ್ಷೇತ್ರ ತುಕ್ಕಾನಟ್ಟಿ. ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿದ ಊರು. ಇಲ್ಲಿನ ಕಂದಾಯದ ಕಾಗದ ಬೆಳಗಾವಿಯ ದಾರಿ ಹಿಡಿದರೆ ಶಾಲೆಯ ಕಾಗದ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ದಾರಿ ಹಿಡಿಯುತ್ತದೆ. ಈ ಸೀಮೆಗೆ ಯಂತ್ರ ಹೊಸದಲ್ಲ. ಗೋಕಾಕ ಫಾಲ್ಸ್‌ನಲ್ಲಿ 1887ರಲ್ಲೇ ಘಟಪ್ರಭೆಯ ನೀರಿನಿಂದ ಕರೆಂಟು ತೆಗೆದು ನೂಲಿನ ಗಿರಣಿ ಓಡಿಸಿದರೆಂದೂ, ದೇಶದಲ್ಲಿ ಅದೇ ಮೊದಲೆಂದೂ ಇಲ್ಲಿಯವರು ಎದೆಯುಬ್ಬಿಸಿ ಹೇಳುತ್ತಾರೆ. ಸುಮಾರು 52 ಮೀಟರ್ ಎತ್ತರದಿಂದ ಬಿದ್ದ ನೀರು ಅಂದು ಗಿರಣಿಯ ಕೆಲಸ ತಪ್ಪಿಸಲಿಲ್ಲ. ಇಂದು ಅದೇ ಕರೆಂಟು ಸ್ಮಾರ್ಟ್ ಕ್ಲಾಸಿನ ಪ್ಲಗ್ಗಿಗೆ ಇಳಿಯುವಷ್ಟರಲ್ಲಿ ಮೂರನೆಯ ಪಿರಿಯಡ್ಡಿನ ಗಂಟೆ ಹೊಡೆದಿರುತ್ತದೆ.

ಇನ್ನು ಯುಗವಿಭಾಗ. ಕೃತಯುಗದಲ್ಲಿ ಪಾಟಿ ಮತ್ತು ಪೇಣೆ. ಅವು ಮಗುವಿನ ಕೈಯಲ್ಲೇ ಇದ್ದು ಮಗುವಿನ ಕೈಯಲ್ಲೇ ಒಡೆಯುತ್ತಿದ್ದವು. ಆದ್ದರಿಂದ ಶಾಸ್ತ್ರಕ್ಕೆ ನಿರುಪಯೋಗಿ. ತ್ರೇತಾಯುಗದಲ್ಲಿ, ಅಂದರೆ 1 ಆಗಸ್ಟ್ 1975ರಿಂದ ಒಂದು ವರ್ಷ, ಆಕಾಶದ ಉಪಗ್ರಹದಿಂದ 2,400 ಹಳ್ಳಿಗಳಿಗೆ ಟಿ.ವಿ. ಪಾಠ ಇಳಿಯಿತು: ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಕರ್ನಾಟಕದಲ್ಲಿ ಆ ಭಾಗ್ಯ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ ಸಿಕ್ಕಿತು. ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿನಿಂದ ಬಂದ ಜ್ಞಾನ ವಿಜಾಪುರ ಜಿಲ್ಲೆಯ ಗಡಿ ದಾಟಿ ಬೆಳಗಾವಿ ಜಿಲ್ಲೆಗೆ ಬರಲಿಲ್ಲ. ದ್ವಾಪರದಲ್ಲಿ, 1987ರಲ್ಲಿ, ಕಪ್ಪುಹಲಗೆ ಕಾರ್ಯಾಚರಣೆ ನಡೆದು ಗ್ಲೋಬು, ನಕಾಶೆ, ವಿಜ್ಞಾನದ ಪೆಟ್ಟಿಗೆಗಳು ದಯಮಾಡಿಸಿದವು. ಕೀಲಿಯುಗ ಹುಟ್ಟಿದ್ದೇ ಇಲ್ಲಿ. ಅದುವರೆಗೆ ಶಾಲೆಯಲ್ಲಿ ಕದಿಯುವಂಥದ್ದೇನೂ ಇರಲಿಲ್ಲ. ಕಲಿಯುಗವಂತೂ ಎಲ್ಲರಿಗೂ ಗೊತ್ತು: ಪ್ರೌಢಶಾಲೆಗೆ ಕಂಪ್ಯೂಟರ್ ತಂದ ಮಾಹಿತಿ ಸಿಂಧು, 2004ರಲ್ಲಿ ಶ್ರೀಹರಿಕೋಟಾದಿಂದ ಹಾರಿ ಚಾಮರಾಜನಗರದ ಶಾಲೆಗಳಲ್ಲಿ ಮೊದಲು ಕಣ್ಣುಬಿಟ್ಟ ಎಜುಸ್ಯಾಟ್, ಆಮೇಲೆ ಪ್ರೊಜೆಕ್ಟರು, ಟ್ಯಾಬು, ಗೋಡೆಯಗಲದ ಪರದೆ.

ಪ್ರಯೋಗಕ್ಕಾಗಿ ನಾವು ಒಂದು ಕಲ್ಪನೆಯ ಶಾಲೆಯನ್ನು ಕಟ್ಟಿಕೊಂಡಿದ್ದೇವೆ. ನಿಜವಾದ ಯಾವ ಶಾಲೆಯೂ ಇಷ್ಟು ಶಾಸ್ತ್ರೋಕ್ತವಾಗಿ ನಡೆಯಲಾರದು. ಅಲ್ಲಿ ಪ್ರೊಜೆಕ್ಟರು ಬಂದಿಳಿದ ದಿನ ಅದಕ್ಕೆ ಕ್ರಮವಾಗಿ ನಾಲ್ಕು ಸಂಸ್ಕಾರಗಳಾದವು. ಕುಂಕುಮ ಹಚ್ಚಿ ಕಾಯಿ ಒಡೆದರು. ಎಸ್‌ಡಿಎಂಸಿ ಅಧ್ಯಕ್ಷರು ರಿಬ್ಬನ್ ಕತ್ತರಿಸಿದರು. ಪೆಟ್ಟಿಗೆಯ ಜೊತೆ ಎಲ್ಲರೂ ನಿಂತು ಫೋಟೋ ತೆಗೆಸಿಕೊಂಡರು. ನಾಲ್ಕನೆಯದು ಬಂಧನ.

“ಸರ್ರ, ಒಮ್ಮೆ ಹಚ್ಚಿ ತೋರಸ್ರೀ,” ಎಂದಿತು ಆರನೆಯತ್ತೆಯ ಒಂದು ಮಗು.

“ಸುಮ್ನ ಕುಂದರ. ಕೆಟ್ರ ನಿಮ್ಮಪ್ಪ ಕೊಡತಾನೇನ?” ಎಂದರು ಹೆಡ್ ಮಾಸ್ತರರು.

ಈ ಉತ್ತರವನ್ನು ಸಾಮಾನ್ಯರು ಗದರಿಕೆ ಎಂದು ತಿಳಿಯುತ್ತಾರೆ. ವಾಸ್ತವದಲ್ಲಿ ಇದು ಸಮಗ್ರ ಅರ್ಥಶಾಸ್ತ್ರ. ಸರ್ಕಾರಿ ಸಾಮಾನು ಹಾಳಾದರೆ ಅಥವಾ ಕಳೆದರೆ ಪ್ರಶ್ನೆ ಬರುವುದು ಮುಖ್ಯಗುರುಗಳಿಗೆ. ವಸೂಲಿ ಬರುವುದಾದರೆ ಅವರ ಪಗಾರಕ್ಕೆ. ಬಳಸದೆ ಹಾಗೇ ಇಟ್ಟರೆ ಪ್ರಶ್ನೆಯೇ ಇಲ್ಲ. ತಪಾಸಣೆಗೆ ಬಂದವರು “ಪ್ರೊಜೆಕ್ಟರ್ ಐತೇನ್ರಿ?” ಎಂದು ಕೇಳುತ್ತಾರೆ, “ಐತ್ರಿ” ಎಂದರೆ ಮುಂದಿನ ಕಾಲಂಗೆ ಹೋಗುತ್ತಾರೆ. ಅದರಿಂದ ಯಾವ ಮಗು ಏನು ಕಲಿತಿತು ಎಂಬ ಕಾಲಂ ಆ ಹಾಳೆಯಲ್ಲಿ ಇಲ್ಲ. ಇಂಥ ವ್ಯವಸ್ಥೆಯಲ್ಲಿ ಪೆಟ್ಟಿಗೆ ತೆರೆಯುವವನು ಒಂದೋ ಮಹಾತ್ಮ, ಇಲ್ಲವೇ ನಿವೃತ್ತಿಗೆ ಒಂದೇ ತಿಂಗಳಿರುವವನು. ಕೀಲಿ ಹಾಕಿದವನನ್ನು ಸೋಮಾರಿ ಎನ್ನುವುದು ಶಾಸ್ತ್ರದ್ರೋಹ.

ಚಾವಿ ಎಲ್ಲಿದೆ ಎಂಬ ವಿಷಯದಲ್ಲಿ ಮೂರು ಸಂಪ್ರದಾಯಗಳು. ಗೋಕಾಕ ಸಂಪ್ರದಾಯದ ಪ್ರಕಾರ ಚಾವಿ ಹೆಡ್ ಮಾಸ್ತರರ ಕಿಸೆಯಲ್ಲಿದೆ, ಹೆಡ್ ಮಾಸ್ತರರು ಮೀಟಿಂಗಿನಲ್ಲಿದ್ದಾರೆ. ಹುಕ್ಕೇರಿ ಸಂಪ್ರದಾಯದವರು ತರಬೇತಿ ಪಡೆದ ಶಿಕ್ಷಕರ ಬಳಿ ಚಾವಿ ಇತ್ತೆಂದೂ, ಅವರಿಗೆ ವರ್ಗವಾಯಿತೆಂದೂ, ತರಬೇತಿ ಅವರ ಜೊತೆಯೇ ಹೋಯಿತೆಂದೂ ವಾದಿಸುತ್ತಾರೆ. ಮೂಡಲಗಿಯವರು ಅದ್ವೈತಿಗಳು: ಚಾವಿ ಎಂಬುದೇ ಇಲ್ಲ, ಕಾಣುವುದೆಲ್ಲ ಕೀಲಿ.

ಇಲ್ಲಿ ಒಂದು ಗಟ್ಟಿ ಆಕ್ಷೇಪ. ತುಕ್ಕಾನಟ್ಟಿಯಲ್ಲೇ ಬರ್ಡ್ಸ್ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರ ಇದೆಯಲ್ಲ, ತಂತ್ರಜ್ಞಾನ ಅಲ್ಲಿಂದ ರೈತರ ಹೊಲಕ್ಕೆ ಹೋಗುತ್ತದಲ್ಲ, ಅದಕ್ಕೇನು ಹೇಳುತ್ತೀರಿ? ಹೇಳುತ್ತೇವೆ. ಕೃಷಿ ವಿಜ್ಞಾನದವರು ಹೊಸ ತಳಿಯನ್ನೋ ಬಿತ್ತುವ ಹೊಸ ಕ್ರಮವನ್ನೋ ಪೆಟ್ಟಿಗೆಯಲ್ಲಿಟ್ಟು ಹಂಚಿ ಹೋಗುವುದಿಲ್ಲ. ರೈತನ ಸ್ವಂತ ಹೊಲದಲ್ಲಿ, ಅವನ ಕೈಯಿಂದಲೇ ಮಾಡಿಸುತ್ತಾರೆ. ಅದಕ್ಕೆ ಮುಂಚೂಣಿ ಪ್ರಾತ್ಯಕ್ಷಿಕೆ ಎಂದು ಹೆಸರು. ಪಕ್ಕದ ಹೊಲದವನು ಬದುವಿನ ಮೇಲೆ ನಿಂತು ನೋಡಿ, ರಾಶಿ ಆಗುವ ತನಕ ಕಾಯ್ದು, ತೂಕ ಕೇಳಿ, ಆಮೇಲೆ ನಂಬುತ್ತಾನೆ ಅಥವಾ ನಕ್ಕು ಹೋಗುತ್ತಾನೆ. ಈ ಕ್ರಮದಲ್ಲಿ ದೊಡ್ಡ ದೋಷವೊಂದಿದೆ: ರೈತನಿಗೆ ಡೆಡ್ ಸ್ಟಾಕ್ ರಿಜಿಸ್ಟರ್ ಇಲ್ಲ. ಅವನ ಪಂಪಿನ ಮೋಟಾರ್ ಸುಟ್ಟರೆ ಅವನೇ ಬಿಚ್ಚಿ ಗೋಕಾಕಕ್ಕೆ ಒಯ್ದು ವೈಂಡಿಂಗ್ ಮಾಡಿಸಿಕೊಂಡು ಬರುತ್ತಾನೆ, ಯಾರ ಅನುಮತಿಯನ್ನೂ ಕೇಳುವುದಿಲ್ಲ. ಇಷ್ಟು ಅಶಿಸ್ತಿನ ಉದಾಹರಣೆಯನ್ನು ಶಿಕ್ಷಣಶಾಸ್ತ್ರ ಸ್ವೀಕರಿಸಲಾರದು.

ಎರಡನೆಯ ಆಕ್ಷೇಪ ಮೊಬೈಲಿನದು. ಮಾಸ್ತರರ ಕೈಯಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಒಂದು ಯಂತ್ರ ಕೀಲಿಯಿಲ್ಲದೆ ಬೆಳಗುತ್ತಿರುತ್ತದೆ, ನಿಜ. ಅದು ಏನು ಮಾಡುತ್ತಿದೆ ಎಂದು ನೋಡಬೇಕು. ಮಕ್ಕಳ ವಿವರ ರಾಜ್ಯದ ಜಾಲತಾಣ ಸ್ಯಾಟ್ಸ್‌ಗೆ, ಅದೇ ವಿವರ ಕೇಂದ್ರದ ಯುಡೈಸ್‌ಗೆ, ಅದೇ ಮಕ್ಕಳಿಗೆ ಅಪಾರ್ ಸಂಖ್ಯೆ. ಆಧಾರಿನಲ್ಲಿ ಹೆಸರಿನ ಒಂದಕ್ಷರ ಆಚೀಚೆಯಾದರೆ ಮೊದಲಿನಿಂದ ಶುರು. ಬಿಸಿಯೂಟ ಉಂಡವರೆಷ್ಟು, ತತ್ತಿ ತಿಂದವರೆಷ್ಟು, ಬಾಳೆಹಣ್ಣು ಸಾಕೆಂದವರೆಷ್ಟು. ಒಟಿಪಿ ಪಾಲಕರ ಫೋನಿಗೆ ಹೋಗುತ್ತದೆ; ಪಾಲಕರು ಕಬ್ಬಿನ ಹೊಲದಲ್ಲಿದ್ದಾರೆ. ಪಾಠವನ್ನು ಮಗುವಿನವರೆಗೆ ಇಳಿಸುವ ಯಂತ್ರಗಳು ಕಪಾಟಿನಲ್ಲಿ ಮಲಗಿದ್ದರೆ, ಮಗುವನ್ನು ಅಂಕಿ ಮಾಡಿ ಮೇಲಕ್ಕೆ ಏರಿಸುವ ಯಂತ್ರಕ್ಕೆ ಊಟದ ಬಿಡುವೂ ಇಲ್ಲ. ನಮ್ಮ ಸಿದ್ಧಾಂತ ಇದರಿಂದ ಮುರಿಯಲಿಲ್ಲ, ಬಲವಾಯಿತು: ಕೀಲಿ ಬಿದ್ದದ್ದು ಮಾಸ್ತರರಿಗೆ.

ಪಠ್ಯಪುಸ್ತಕದ ಕ್ಯೂಆರ್ ಸಂಕೇತದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2017ರಲ್ಲಿ ಬಂದ ಡಿಜಿಟಲ್ ಪಾಠಗಳ ದೀಕ್ಷಾ ವೇದಿಕೆಗೆ ಅದು ಬಾಗಿಲು. ಮಗುವಿಗೆ ಬಾಗಿಲು ಕೊಟ್ಟಿದ್ದಾರೆ, ಫೋನು ಅಪ್ಪನ ಸಂಗಡ ಹೊರಗೆ ಹೋಗಿದೆ. ನಮ್ಮ ಕಲ್ಪನೆಯ ಶಾಲೆಯ ಮಕ್ಕಳು ಆ ಚೌಕದ ಬಿಳಿ ಮನೆಗಳನ್ನು ಪೆನ್ಸಿಲ್ಲಿನಿಂದ ತುಂಬುತ್ತಾರೆ; ಚಿತ್ರಕಲೆಯಲ್ಲಿ ಇದೊಂದು ಪ್ರಗತಿ.

ಸಿದ್ಧಾಂತಕ್ಕೆ ನಿಜವಾಗಿ ಪೆಟ್ಟು ಬಿದ್ದದ್ದು 2020ರಲ್ಲಿ. ಆ ವರ್ಷ ಕೊರೊನಾ ಬಂದು ಶಾಲೆಗೇ ಕೀಲಿ ಬಿತ್ತು. ಪರಮಸಿದ್ಧಿ ಪ್ರಾಪ್ತವಾಯಿತೆಂದು ನಾವು ಹಿಗ್ಗುವಷ್ಟರಲ್ಲಿ ಮಕ್ಕಳಿದ್ದಲ್ಲಿಗೇ ಪಾಠ ಒಯ್ಯುವ ವಿದ್ಯಾಗಮ ಶುರುವಾಯಿತು. ಮಾಸ್ತರರು, ಅಕ್ಕೋರು ಗುಡಿಯ ಕಟ್ಟೆ, ಬೇವಿನ ಗಿಡದ ನೆರಳು, ಯಾರದೋ ಪಡಸಾಲೆ ಹುಡುಕಿಕೊಂಡು ಹೊರಟರು. ಫೋನಿದ್ದ ಮನೆಯ ಮಗು, ಟಿ.ವಿ. ಇದ್ದ ಮನೆಯ ಮಗು, ಎರಡೂ ಇಲ್ಲದ ಮಗು ಎಂದು ಗುಂಪು ಮಾಡಿಕೊಂಡರು. ಒಂದು ಫೋನಿನ ಸುತ್ತ ನಾಲ್ಕೈದು ತಲೆ ಕೂಡಿದವು. ಟಿ.ವಿ.ಯ ಚಂದನ ವಾಹಿನಿಯಲ್ಲಿ ಪಾಠ ಬರುವ ಹೊತ್ತಿಗೆ ಪಕ್ಕದ ಮನೆಯ ಮಕ್ಕಳೂ ಬಂದು ಕುಳಿತರು. ಯಾವುದಕ್ಕೂ ಸ್ಟಾಕ್ ನಂಬರ್ ಇರಲಿಲ್ಲ, ಯಾವುದಕ್ಕೂ ಕೀಲಿ ಇರಲಿಲ್ಲ. ಕಲಿಕೆ ನಡೆಯಿತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿದ್ದರಿಂದ ಶಾಸ್ತ್ರ ಉಳಿಯಿತು.

ಕೊನೆಗೆ ಶಿಫಾರಸು, ಏಕೆಂದರೆ ಶಿಫಾರಸಿಲ್ಲದ ಪ್ರಬಂಧಕ್ಕೆ ಮುಂಬಡ್ತಿಯಲ್ಲಿ ಅಂಕ ಸಿಗುವುದಿಲ್ಲ. ರಿಜಿಸ್ಟರಿನಲ್ಲಿ “ಬಂದದ್ದು”, “ಇರುವುದು”, “ಕೆಟ್ಟದ್ದು” ಎಂಬ ಕಾಲಂಗಳ ಪಕ್ಕದಲ್ಲಿ “ಮಕ್ಕಳು ಬಳಸಿ ಸವೆದದ್ದು” ಎಂಬ ಇನ್ನೊಂದು ಕಾಲಂ ಹಾಕಬೇಕು. ಅದರಲ್ಲಿ ಬರೆದದ್ದಕ್ಕೆ ವಸೂಲಿ ಇರಬಾರದು. ಇಷ್ಟು ಹೇಳಿದ್ದೇ ತಡ, ಆ ಕಾಲಂಗೆ ಸಹಿ ಯಾರದೆಂದು ಮೂರೂ ಸಂಪ್ರದಾಯಗಳಲ್ಲಿ ಜಗಳ ಹತ್ತಿದೆ. ಗೋಕಾಕದವರು ಮೇಲಿನ ಕಚೇರಿಯ ಆದೇಶ ಬರಲಿ ಎನ್ನುತ್ತಿದ್ದಾರೆ. ಮೂಡಲಗಿಯವರು ಸವೆಯುವುದೆಂದರೇನು ಎಂದು ಕೇಳುತ್ತಿದ್ದಾರೆ. ಹುಕ್ಕೇರಿಯವರು ಸವೆದ ಸಾಮಾನಿನ ಫೋಟೋವನ್ನು ದಿನಾ ಹನ್ನೊಂದು ಗಂಟೆಯೊಳಗೆ ಏರಿಸಲು ಒಂದು ಆ್ಯಪ್ ಬೇಕೆಂದು ಮನವಿ ಸಿದ್ಧಪಡಿಸಿದ್ದಾರೆ.